ಬೂದಿದಿಬ್ಬಗಳೂ ಕಲ್ಲುಗೊಡಲಿಗಳೂ: ಬಳ್ಳಾರಿಯ ಹವ್ಯಾಸಿ ಶೋಧಕರ ಚರ್ಚಾಸ್ಥಾನಗಳು

ಬಳ್ಳಾರಿ ನಗರದ ಈಶಾನ್ಯಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲು ಎಂಬ ಎರಡು ಗ್ರಾಮಗಳಿವೆ. ಇವುಗಳ ಮಗ್ಗುಲಲ್ಲಿ ನಿಂತಿರುವ ಕಣಶಿಲೆಯ ಬೆಟ್ಟಗಳನ್ನು ಡಾಲರೈಟ್ ಎಂಬ ಕಪ್ಪುಶಿಲೆಯ ಒಡ್ಡುಗಳು ಅಲ್ಲಲ್ಲಿ ಸೀಳಿಕೊಂಡು ಹೋಗಿರುವುವು. ನವಶಿಲಾಯುಗದ ಜನರು ಈ ಕಪ್ಪುಕಲ್ಲನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ ಈ ಕೆಲಸವು ಹಿರೇಗುಡ್ಡದ ಮೇಲೆ ಮನೆಬಳಕೆಯ ಮಿತಿಯನ್ನು ಮೀರಿ ಒಂದು ಕೈಗಾರಿಕೆಯಂತೆ ಬೆಳೆದಿದ್ದಿತು. ಇದೇ ಸೀಮೆಯಲ್ಲಿ ದೊಡ್ಡ ದೊಡ್ಡ ಬೂದಿದಿಬ್ಬಗಳೂ ಇರುವುವು. ಕೊಡಲಿಯನ್ನು ಮಾಡಿದವರೂ ಬೂದಿಯನ್ನು ರಾಶಿ ಹಾಕಿದವರೂ ಬರೆಹವನ್ನು ಅರಿಯದವರು. ಆದುದರಿಂದ ಅವರ ಕೌಶಲವನ್ನು ತಿಳಿಯಲು ಇರುವ ಸಾಧನಗಳು ಎರಡೇ: ಒಂದು, ನೆಲದ ಮೇಲೆ ಉಳಿದಿರುವ ಕಲ್ಲು ಮತ್ತು ಬೂದಿ, ಇನ್ನೊಂದು, ಅವುಗಳನ್ನು ಕಂಡವರು ಪರಸ್ಪರ ಆಡಿಕೊಂಡ ಮಾತು.

ಕಲ್ಲಿನ ವಿಷಯವಾಗಿ ಬಹಳಷ್ಟು ಬರೆಹಗಳು ಬಂದಿವೆ. ಈ ಮಾತು ಎಲ್ಲಿ ನಡೆಯಿತು, ಯಾವ ಸ್ಥಳದಲ್ಲಿ ನಡೆದ ಮಾತು ಉಳಿಯಿತು, ಯಾವುದು ಚದುರಿಹೋಯಿತು ಎಂಬುದನ್ನು ವಿಚಾರಿಸಿದವರು ವಿರಳ. ಇಂದು ಹಳೆಯ ಯಂತ್ರ, ಹಳೆಯ ಉಪಕರಣ, ಹಳೆಯ ಕೈಗಾರಿಕೆಗಳಲ್ಲಿ ಆಸಕ್ತರಾದ ಹವ್ಯಾಸಿಗಳಲ್ಲಿ ಒಂದು ವಿವಾದವಿರುವುದು. ಎಲ್ಲರೂ ಎಲ್ಲವನ್ನೂ ಆಡುವ ಸಾಮಾಜಿಕ ಜಾಲತಾಣಗಳಲ್ಲಿ ಸೇರಬೇಕೋ, ತಮ್ಮ ವಿಷಯಕ್ಕೇ ಮೀಸಲಾದ ಪ್ರತ್ಯೇಕ ವೇದಿಕೆಗಳನ್ನು ಉಳಿಸಿಕೊಳ್ಳಬೇಕೋ ಎಂಬುದೇ ಆ ವಿವಾದ. ಹೆಸರು ಹೊಸದು, ಪ್ರಶ್ನೆ ಹಳೆಯದು. ಒಂದು ಸಂತೆಯ ಮಾತು. ಇನ್ನೊಂದು ಗೋಷ್ಠಿಯ ಮಾತು. ಬಳ್ಳಾರಿಯ ಪ್ರಾಗಿತಿಹಾಸವು ಈ ಎರಡು ಬಗೆಯ ಸ್ಥಾನಗಳಲ್ಲಿಯೂ ೧೮೪೩ರಿಂದ ಈಚೆಗೆ ಚರ್ಚಿತವಾಗಿರುವುದರಿಂದ, ಎರಡರ ಗುಣದೋಷಗಳನ್ನು ತೂಗಿನೋಡಲು ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯುವುದು ಕಷ್ಟ.

ಮೊದಲು ಈ ಚರ್ಚೆಯಲ್ಲಿ ಭಾಗವಹಿಸಿದವರು ಯಾರೆಂಬುದನ್ನು ನೋಡಬೇಕು. ಆರಂಭಕಾಲದವರಲ್ಲಿ ಪ್ರಾಗಿತಿಹಾಸವೇ ವೃತ್ತಿಯಾಗಿದ್ದವರು ಒಬ್ಬರೂ ಇಲ್ಲ. ಟಿ. ಜೆ. ನ್ಯೂಬೋಲ್ಡರು ಮದರಾಸು ಸೈನ್ಯದ ಅಧಿಕಾರಿಗಳು. ರಾಬರ್ಟ್ ಬ್ರೂಸ್ ಫೂಟರು ೧೮೫೮ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯನ್ನು ಸೇರಿದ ಭೂವಿಜ್ಞಾನಿಗಳು. ಎಫ್. ಫಾಸೆಟ್ಟರು ಪೋಲೀಸು ಇಲಾಖೆಯವರು. 'ಎ ಫರ್ಗಾಟನ್ ಎಂಪೈರ್' ಎಂಬ ವಿಜಯನಗರದ ಇತಿಹಾಸವನ್ನು ೧೯೦೦ರಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲರು ಮದರಾಸು ಸಿವಿಲ್ ಸರ್ವಿಸಿಗೆ ಸೇರಿದವರು. ಸರಕಾರವು ಇವರಿಗೆ ಸಂಬಳ ಕೊಟ್ಟುದು ಬೇರೆ ಕೆಲಸಕ್ಕೆ; ಕಲ್ಲುಗೊಡಲಿಯನ್ನು ಆಯ್ದುದು, ಬೂದಿಯನ್ನು ಕೆದಕಿದುದು ತಮ್ಮ ಸಂತೋಷಕ್ಕೆ. ಹವ್ಯಾಸಿ ಎಂಬ ಶಬ್ದವನ್ನು ಇಲ್ಲಿ ಕೀಳರ್ಥದಲ್ಲಿ ತಿಳಿಯಬಾರದು. ಫೂಟರು ೧೮೬೩ರ ಮೇ ೩೦ರಂದು ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಒಂದು ಹಳೆಯ ಶಿಲಾಯುಗದ ಕೈಗೊಡಲಿಯನ್ನು ಕಂಡುಹಿಡಿದರು. ಭಾರತದ ಪ್ರಾಗಿತಿಹಾಸದ ಅಧ್ಯಯನವು ಆ ದಿನದಿಂದ ಆರಂಭವಾಯಿತೆಂದು ವಿದ್ವಾಂಸರು ಎಣಿಸುವರು.

ಬೂದಿದಿಬ್ಬಗಳ ಚರ್ಚೆಯನ್ನು ಮೊದಲು ತೆಗೆದುಕೊಳ್ಳಬಹುದು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಇಂಥ ಒಂದು ದೊಡ್ಡ ದಿಬ್ಬವಿರುವುದು. ಇವು ರಾಕ್ಷಸರ ಚಿತಾಭಸ್ಮವೆಂದು ಜನರು ಹೇಳುತ್ತಿದ್ದರು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದೇ ನಂಬಿರುವರು. ನ್ಯೂಬೋಲ್ಡರು ೧೮೪೩ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ದಿಬ್ಬಗಳ ಮೇಲೆ ಲೇಖನವನ್ನು ಬರೆದರು. ಅದೇ ಪತ್ರಿಕೆಯಲ್ಲಿಯೇ ೧೮೯೯ರಲ್ಲಿ, ಎಂದರೆ ಐವತ್ತಾರು ವರ್ಷಗಳ ಅನಂತರ, ಸಿವೆಲರು ಬಳ್ಳಾರಿಯ ಬೂದಿದಿಬ್ಬಗಳನ್ನು ಕುರಿತು ಮತ್ತೆ ಬರೆದರು. ಮೊದಲ ಲೇಖಕರು ತೀರಿಕೊಂಡು ಅರ್ಧ ಶತಮಾನವಾಗುತ್ತ ಬಂದಿದ್ದರೂ ಅವರ ಮಾತು ಅದೇ ಸಂಪುಟಗಳ ಸಾಲಿನಲ್ಲಿ, ಅದೇ ಕಪಾಟಿನಲ್ಲಿ ಎರಡನೆಯವರಿಗಾಗಿ ಕಾದಿದ್ದಿತು. ಒಂದು ಸಂಸ್ಥೆಯು ತನ್ನ ಪತ್ರಿಕೆಯನ್ನು ತಪ್ಪದೆ ನಡೆಸುತ್ತ ಹಳೆಯ ಸಂಚಿಕೆಗಳನ್ನು ಕಾಯ್ದಿಟ್ಟರೆ, ಸತ್ತವರೂ ಬದುಕಿರುವವರೂ ಒಂದೇ ಸಭೆಯಲ್ಲಿ ಕುಳಿತು ಮಾತಾಡಬಹುದೆಂಬುದಕ್ಕೆ ಇದು ನಿದರ್ಶನ.

ಆದರೆ ಸಭೆಯು ದೊಡ್ಡದಾದ ಮಾತ್ರಕ್ಕೆ ಸತ್ಯವು ಬೇಗ ಹೊರಡುವುದಿಲ್ಲ. ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯು ಏಷಿಯಾಖಂಡದ ಭಾಷೆ, ಧರ್ಮ, ನಾಣ್ಯ, ಶಾಸನ ಎಲ್ಲವನ್ನೂ ಒಳಗೊಂಡದ್ದು. ಅಂಥ ಕಡೆ ಬೂದಿದಿಬ್ಬವು ಒಂದು ಸೋಜಿಗದ ಸಂಗತಿಯಾಗಿ ಓದುಗರ ಮುಂದೆ ಬಂದಿತು. ಈ ಬೂದಿಯ ಮೂಲವನ್ನು ಕುರಿತು ಆ ಕಾಲದಿಂದ ಮುಂದೆ ನಾನಾ ಊಹೆಗಳು ಹೊರಟವು. ಇದು ಜ್ವಾಲಾಮುಖಿಯ ಕಿಟ್ಟವೆಂದು ಕೆಲವರು, ಲೋಹವನ್ನೋ ಗಾಜನ್ನೋ ಕರಗಿಸಿದ ಕುಲುಮೆಗಳ ಶೇಷವೆಂದು ಕೆಲವರು, ಭಾರಿ ಬಲಿಗಳ ಅಥವಾ ಸಾಮೂಹಿಕ ದಹನಗಳ ಗುರುತೆಂದು ಮತ್ತೆ ಕೆಲವರು ವಾದಿಸಿದರು. ರಾಕ್ಷಸನ ಕಥೆಗೂ ಇವುಗಳಲ್ಲಿ ಕೆಲವಕ್ಕೂ ಹೆಚ್ಚಿನ ಅಂತರವೇನೂ ಇರಲಿಲ್ಲ.

ಸರಿಯಾದ ಉತ್ತರವನ್ನು ಕೊಟ್ಟವರು ಫೂಟರು. ಇವು ದನಗಳನ್ನು ಕೂಡುತ್ತಿದ್ದ ಹಟ್ಟಿಗಳಲ್ಲಿ ಸೇರಿದ ಸಗಣಿಯು ಸುಟ್ಟು ಆದ ರಾಶಿಗಳೆಂದು ಅವರು ತೀರ್ಮಾನಿಸಿದ್ದರು. ಆದರೆ ಈ ತೀರ್ಮಾನವು ಸೇರಿಕೊಂಡುದು ಮದರಾಸು ವಸ್ತುಸಂಗ್ರಹಾಲಯವು ೧೯೧೬ರಲ್ಲಿ ಪ್ರಕಟಿಸಿದ, ಅವರ ಸಂಗ್ರಹದ ಪ್ರಾಚೀನತೆ ಮತ್ತು ಹರವುಗಳನ್ನು ಕುರಿತ ಟಿಪ್ಪಣಿಗಳ ಸಂಪುಟದಲ್ಲಿ. ೧೯೧೨ರಲ್ಲಿಯೇ ಫೂಟರು ಕಾಲವಾಗಿದ್ದರು. ವಸ್ತುಸಂಗ್ರಹಾಲಯದ ಸೂಚಿಯನ್ನು ಕಥೆಯಂತೆ ಓದುವವರಿಲ್ಲ. ಆದುದರಿಂದ ಊಹಾಪೋಹಗಳು ಇನ್ನೂ ನಲವತ್ತು ವರ್ಷ ನಡೆದೇ ಇದ್ದವು. ಕಡೆಗೆ ಎಫ್. ಆರ್. ಆಲ್ಚಿನ್ನರು ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ೧೯೫೭ರಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳು ದೊರೆತವು. ಎಫ್. ಇ. ಝಾಯ್ನರರು ಬಳ್ಳಾರಿ ಜಿಲ್ಲೆಯ ದಿಬ್ಬಗಳ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅದು ಸುಟ್ಟ ಸಗಣಿಯೇ ಎಂದು ೧೯೬೦ರಲ್ಲಿ ತೋರಿಸಿದರು. ಆಲ್ಚಿನ್ನರು ೧೯೬೩ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ಗೋಪಾಲಕರನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ವಾದಕ್ಕೆ ಮುಕ್ತಾಯವನ್ನು ಹಾಡಿದರು.

ಇದರಿಂದ ಹೊರಡುವ ಪಾಠವು ಇಬ್ಬಗೆಯಾದುದು. ಎಲ್ಲರೂ ಸೇರುವ ವೇದಿಕೆಯು ಪ್ರಶ್ನೆಯನ್ನು ಜೀವಂತವಾಗಿಟ್ಟಿತು. ಆದರೆ ಉತ್ತರವನ್ನು ಅದು ತಾನಾಗಿ ಕೊಡಲಿಲ್ಲ. ಮೀಸಲಾದ ಸಂಗ್ರಹವು ಉತ್ತರವನ್ನು ಕಾಪಾಡಿತು. ಆದರೆ ಅದನ್ನು ಜನರ ಕಿವಿಗೆ ಮುಟ್ಟಿಸಲಿಲ್ಲ.

ಎರಡನೆಯ ದೃಷ್ಟಾಂತವು ಕಪ್ಪಗಲ್ಲಿನ ಬಂಡೆಚಿತ್ರಗಳದು. ಆಂಗ್ಲರು ನವಿಲುಬೆಟ್ಟವೆಂಬ ಅರ್ಥದ ಹೆಸರಿನಿಂದ ಕರೆದ ಈ ಬೆಟ್ಟದ ಕಪ್ಪುಬಂಡೆಗಳ ಮೇಲೆ ಉದ್ದ ಕೊಂಬಿನ, ಇಣಿಯುಳ್ಳ ಎತ್ತುಗಳನ್ನೂ ಮನುಷ್ಯರನ್ನೂ ಕಲ್ಲಿನಿಂದ ಕುಟ್ಟಿ ಮೂಡಿಸಿರುವರು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊರಡುವುದು. ಹಾಗೆ ಬಡಿದು ಬಡಿದು ಬಿದ್ದಿರುವ ಕುಳಿಗಳೂ ಅವುಗಳ ಮೇಲೆ ಇರುವುವು. ಫಾಸೆಟ್ಟರು ಈ ಚಿತ್ರಗಳನ್ನು ೧೮೯೨ರಲ್ಲಿ 'ಏಷಿಯಾಟಿಕ್ ಕ್ವಾರ್ಟರ್ಲಿ ರಿವ್ಯೂ' ಎಂಬ ಪತ್ರಿಕೆಯಲ್ಲಿ ವರ್ಣಿಸಿದರು. ಅದು ಪೂರ್ವದೇಶಗಳ ರಾಜಕಾರಣ, ಆಡಳಿತ, ಪ್ರಚಲಿತ ವಿದ್ಯಮಾನಗಳನ್ನು ಚರ್ಚಿಸುತ್ತಿದ್ದ ಪತ್ರಿಕೆ. ಅದರ ಓದುಗರಲ್ಲಿ ಬಂಡೆಚಿತ್ರವನ್ನು ಬೆನ್ನಟ್ಟಿ ಬರುವವರು ಎಷ್ಟು ಮಂದಿ? ಆ ತ್ರೈಮಾಸಿಕದ ಮುಂದಿನ ಸಂಚಿಕೆ ಬಂದೊಡನೆ ಬೇರೊಂದು ಸುದ್ದಿ, ಬೇರೊಂದು ವಿವಾದ. ಈ ಚಿತ್ರಗಳನ್ನೇ ವಿಷಯವಾಗಿಸಿಕೊಂಡ ಇನ್ನೊಂದು ಗಣ್ಯ ಲೇಖನವು ೧೯೫೧ರಲ್ಲಿ ಮಾನವಶಾಸ್ತ್ರಕ್ಕೇ ಮೀಸಲಾದ 'ಮ್ಯಾನ್' ಪತ್ರಿಕೆಯಲ್ಲಿ ಡಿ. ಎಚ್. ಗಾರ್ಡನರಿಂದ ಬಂದಿತು. ಅನಂತರ ೨೦೦೪ರಲ್ಲಿ ನಿಕೋಲ್ ಬೊವಾಂ ಅವರು 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಚಿತ್ರಗಳನ್ನೂ ನಾದಶಿಲೆಗಳನ್ನೂ ಒಟ್ಟಿಗೆ ವಿವೇಚಿಸಿದರು. ಬೆಟ್ಟವು ಎಲ್ಲಿಗೂ ಹೋಗಿರಲಿಲ್ಲ. ಬಳ್ಳಾರಿಯಿಂದ ಒಂದು ಬೆಳಗಿನ ನಡಿಗೆಯಷ್ಟೇ ದೂರ. ಆದರೂ ಅದರ ಮಾತು ಒಂದು ಶತಮಾನದಲ್ಲಿ ಎರಡು ಸಲ ಕಡಿದುಹೋಗಿ ಎರಡು ಸಲ ಹೊಸದಾಗಿ ಹೆಣೆಯಲ್ಪಡಬೇಕಾಯಿತು.

ಇದಕ್ಕೆ ವಿರುದ್ಧವಾಗಿ ಫೂಟರ ಕಲ್ಲುಗೊಡಲಿಗಳ ಚರಿತ್ರೆಯನ್ನು ನೋಡಬೇಕು. ಅವರು ೧೮೮೭ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಶಿಲಾಯುಗದ ಹೊಸ ಶೋಧಗಳನ್ನು ಪ್ರಕಟಿಸಿದರು. ೧೮೯೫ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಗ್ರಂಥವನ್ನು ಸರ್ವೇಕ್ಷಣೆಯ ಸಂಪುಟಗಳಲ್ಲಿ ಬರೆದರು. ಕೊಡಲಿಯನ್ನು ಮಾಡುವುದರಲ್ಲಿ ನಾಲ್ಕು ಘಟ್ಟಗಳಿವೆಯೆಂದು ಅವರು ಗುರುತಿಸಿದರು: ಮೊದಲು ಕಲ್ಲನ್ನು ಚಕ್ಕೆಯೆಬ್ಬಿಸಿ ಒರಟಾದ ಆಕಾರಕ್ಕೆ ತರುವುದು, ಆಮೇಲೆ ಉಬ್ಬುತಗ್ಗುಗಳನ್ನು ಕುಟ್ಟಿ ಸಮಮಾಡುವುದು, ಮೂರನೆಯದಾಗಿ ಬಂಡೆಯ ಮೇಲೆ ಉಜ್ಜಿ ಅಲಗನ್ನು ಏಳಿಸುವುದು, ಕಡೆಯದಾಗಿ ನುಣುಪು ಕೊಡುವುದು. ಅರ್ಧಕ್ಕೆ ಮುರಿದು ಬಿಸುಟ ಕೊಡಲಿಗಳನ್ನೂ ಅವರು ಪೂರ್ಣವಾದವುಗಳಷ್ಟೇ ಜಾಗರೂಕತೆಯಿಂದ ಆಯ್ದುದರಿಂದ ಈ ಕ್ರಮವು ಗೊತ್ತಾಯಿತು. ಅಂದವಾದ ವಸ್ತುವನ್ನು ಮಾತ್ರ ಆಯುವವನಿಗೆ ಕೌಶಲವು ತಿಳಿಯದು. ಕೆಟ್ಟುಹೋದ ಕೆಲಸವನ್ನು ಕೂಡಿಡುವವನಿಗೆ ಮಾತ್ರ ಕೆಲಸದ ದಾರಿಯು ಕಾಣುವುದು.

ಆ ಸಂಗ್ರಹವನ್ನು ೧೯೦೪ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. ಅದರ ವಿವರಣಾತ್ಮಕ ಸೂಚಿಯು ೧೯೧೪ರಲ್ಲಿ ಅಚ್ಚಾಯಿತು. ಯಾವ ಜಿಲ್ಲೆ, ಯಾವ ಸ್ಥಳ, ಯಾವ ವಸ್ತು, ಯಾವ ಸಂಖ್ಯೆ ಎಂಬ ಒಕ್ಕಣೆಯೇ ಅದರ ಸಾರ. ಓದಲು ಶುಷ್ಕವಾದ ಈ ಪಟ್ಟಿಯು ಮುಂದಿನವರಿಗೆ ದಾರಿಯ ನಕ್ಷೆಯಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾಯರು ಸಂಗನಕಲ್ಲಿನಲ್ಲಿ ಅಗೆತವನ್ನು ನಡೆಸಿ ೧೯೪೮ರಲ್ಲಿ ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ಹೊರತಂದರು. ಆಲ್ಚಿನ್ನರು ೧೯೫೭ರಲ್ಲಿ ಉತ್ತರ ಕರ್ನಾಟಕದ ನವಶಿಲಾಯುಗದ ಶಿಲೋದ್ಯಮವನ್ನು ವಿವರಿಸಿದರು. ಎಂ. ಎಸ್. ನಾಗರಾಜರಾಯರು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ೧೯೬೩-೬೪ರಲ್ಲಿ ಅಗೆದು, ಅಲ್ಲಿಯ ಬೆಟ್ಟವಾಸಿಗಳ ಜೀವನವನ್ನು ೧೯೬೫ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರರೂ ಅವರ ಸಂಗಡಿಗರೂ ಸಂಗನಕಲ್ಲು–ಕಪ್ಪಗಲ್ಲು ಪ್ರದೇಶದ ಸಮಗ್ರ ಸಂಶೋಧನೆಯನ್ನು ಕೈಕೊಂಡರು. ಅದರ ಫಲವಾಗಿ ಕಲ್ಲುಗೊಡಲಿಯ ತಂತ್ರವನ್ನು ಕುರಿತ ವಿಸ್ತಾರವಾದ ಲೇಖನವು ೨೦೦೭ರಲ್ಲಿ ಬಂದಿತು. ೧೮೮೭ರಿಂದ ೨೦೦೭ರವರೆಗೆ ನೂರಿಪ್ಪತ್ತು ವರ್ಷ. ಈ ಸರಪಳಿಯಲ್ಲಿ ಪ್ರತಿಯೊಬ್ಬರೂ ಹಿಂದಿನವರನ್ನು ತಿದ್ದಿದರು, ಆದರೆ ಯಾರೂ ಮೊದಲಿನಿಂದ ಆರಂಭಿಸಬೇಕಾಗಲಿಲ್ಲ.

ಹೀಗಿದ್ದರೂ ಮೀಸಲು ವೇದಿಕೆಯೇ ಸರ್ವಥಾ ಶ್ರೇಷ್ಠವೆಂದು ಹೇಳಿಬಿಡಲು ಆಗದು. ಅದರಲ್ಲಿ ಒಂದು ದೊಡ್ಡ ಕೊರತೆಯಿದ್ದಿತು. ಬಳ್ಳಾರಿಯ ಕಲ್ಲುಗಳು ಮದರಾಸಿನ ಪಾಲಾದವು; ಅವುಗಳ ಚರ್ಚೆಯು ಇಂಗ್ಲಿಷಿನ ಪಾಲಾಯಿತು. ಜಿಲ್ಲೆಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಫೂಟರ ಸಂಗ್ರಹವು ಮದರಾಸಿನಲ್ಲಿಯೇ ಉಳಿಯಿತು. ಬೆಟ್ಟದ ಕೆಳಗೆ ಹೊಲ ಉಳುವ ರೈತನಿಗೆ ತನ್ನ ನೇಗಿಲಿಗೆ ಸಿಕ್ಕ ಕಲ್ಲು ಯಾವುದೆಂದು ಕೇಳಲು ಬಾಗಿಲು ಇರಲಿಲ್ಲ. ಆದರೆ ಬೂದಿಗುಂಟೆ, ಬೂದಿಹಾಳು, ಬೂದಿಕಣಿವೆ ಎಂಬ ಹೆಸರುಗಳನ್ನು ಇಟ್ಟವರು ಈ ಜನರೇ. ಯಾವ ಪತ್ರಿಕೆಯೂ ಹುಟ್ಟುವ ಮೊದಲು ಈ ದಿಬ್ಬಗಳ ಪಟ್ಟಿಯನ್ನು ಊರ ಹೆಸರುಗಳಲ್ಲಿ ಬರೆದಿಟ್ಟುದು ಕನ್ನಡ ಭಾಷೆ. ಅದೇ ರೀತಿಯಾಗಿ ನಾಗರಾಜರಾಯರು ತೆಕ್ಕಲಕೋಟೆಯ ಬೋಯರ ಜೀವನದಲ್ಲಿ ನವಶಿಲಾಯುಗದ ಕೆಲವು ಅಂಶಗಳು ಉಳಿದುಬಂದಿರುವುದನ್ನು ೧೯೬೫ರಲ್ಲಿ ಪ್ರತ್ಯೇಕವಾಗಿ ವಿವರಿಸಿದರು. ನೆಲದೊಳಗಿನ ಗುಡಿಸಿಲಿನ ಅರ್ಥವನ್ನು ನೆಲದ ಮೇಲಿನ ಗುಡಿಸಿಲು ಹೇಳಿತು. ತಜ್ಞರ ಗೋಷ್ಠಿಯು ಬಾಗಿಲನ್ನು ಮುಚ್ಚಿಕೊಂಡಿದ್ದರೆ ಈ ಸಾಕ್ಷ್ಯವು ಒಳಗೆ ಬರುತ್ತಲೇ ಇರಲಿಲ್ಲ.

ಸಾಹಿತ್ಯದ ಅಭ್ಯಾಸಿಗಳಿಗೆ ಇದರ ಸಾದೃಶ್ಯವು ಬಳ್ಳಾರಿಯಲ್ಲಿಯೇ ದೊರೆಯುವುದು. ೧೯೨೬ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಫ. ಗು. ಹಳಕಟ್ಟಿಯವರು ಅಧ್ಯಕ್ಷರಾಗಿದ್ದರು. ವೃತ್ತಿಯಿಂದ ಅವರು ವಕೀಲರು. ವಚನಗಳ ತಾಳೆಯೋಲೆಗಳನ್ನು ಹುಡುಕಿ ಕೂಡಿಸಿದುದು ಸ್ವಂತ ಆಸಕ್ತಿಯಿಂದ. ಸಮ್ಮೇಳನವು ಎಲ್ಲ ಪ್ರಾಂತಗಳ ಕನ್ನಡಿಗರೂ ಸೇರುವ ಜಾತ್ರೆ. ಬಳ್ಳಾರಿಯಂಥ ಗಡಿಯ ಊರಿಗೆ ಅದರ ಪ್ರಯೋಜನವು ಅಪಾರ. ಆದರೆ ಹಳಕಟ್ಟಿಯವರು ಜಾತ್ರೆಯಲ್ಲಿಯೇ ತೃಪ್ತರಾಗಲಿಲ್ಲ. ಅದೇ ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ, ವಚನಸಾಹಿತ್ಯದ ಸಂಶೋಧನೆಗೆ ಅದನ್ನು ಮೀಸಲಾಗಿಟ್ಟರು. ಸಮ್ಮೇಳನದ ಭಾಷಣವು ಜನರ ಮನಸ್ಸನ್ನು ಎಬ್ಬಿಸಬಲ್ಲುದು, ಪಾಠಾಂತರವನ್ನು ನಿರ್ಣಯಿಸಲಾರದು. ಆ ಕೆಲಸಕ್ಕೆ ತಿಂಗಳುಗಟ್ಟಳೆ ಕಾಯುವ, ತಪ್ಪನ್ನು ತಿದ್ದಿ ಮತ್ತೆ ಅಚ್ಚುಹಾಕುವ ಪುಟಗಳು ಬೇಕು. ಒಬ್ಬರೇ ಮಹನೀಯರು ಒಂದೇ ವರ್ಷದಲ್ಲಿ ಎರಡನ್ನೂ ಕೈಕೊಂಡುದು ಆಕಸ್ಮಿಕವಿರಬಹುದು. ಆದರೆ ಎರಡರ ಕಾರ್ಯಗಳು ಬೇರೆಯೆಂಬುದನ್ನು ಅದು ಚೆನ್ನಾಗಿ ತೋರಿಸುವುದು.

ಈಗಿನ ಕಾಲದ ಹವ್ಯಾಸಿಗಳ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಬಹುದು. ಅಮೆರಿಕದಲ್ಲಿ ಶಿಲಾಯುಗದ ರೀತಿಯಲ್ಲಿ ಕಲ್ಲನ್ನು ಚಕ್ಕೆಯೆಬ್ಬಿಸಿ ಉಪಕರಣಗಳನ್ನು ಮಾಡುವ ಹವ್ಯಾಸಿಗಳ ಒಂದು ಸಮುದಾಯವೇ ಇರುವುದು. ಅವರ ಮೇಳಗಳನ್ನೂ ಪರಸ್ಪರ ಸಂಬಂಧಗಳನ್ನೂ ಕುರಿತು ಜಾನ್ ವಿಟೇಕರರು ೨೦೦೪ರಲ್ಲಿ ಒಂದು ಗ್ರಂಥವನ್ನು ಬರೆದಿರುವರು. ಹಳೆಯ ರೇಡಿಯೋ, ಗ್ರಾಮಫೋನು, ಕ್ಯಾಮರಾ, ಗಣಕಯಂತ್ರಗಳ ಆಸಕ್ತರೂ ಹೀಗೆಯೇ ಗುಂಪುಗೂಡುವರು. ಸಾಮಾಜಿಕ ಜಾಲತಾಣಗಳಲ್ಲಿ ಅವರಿಗೆ ಹೊಸಬರು ಸುಲಭವಾಗಿ ದೊರೆಯುವರು; ಒಂದು ಛಾಯಾಚಿತ್ರವನ್ನು ತೋರಿಸಿದರೆ ಗಳಿಗೆಯಲ್ಲಿ ನೂರು ಉತ್ತರಗಳು ಬರುವುವು. ಆದರೆ ಆರು ತಿಂಗಳ ಹಿಂದೆ ಯಾರೋ ಕೊಟ್ಟ ಸರಿಯಾದ ಉತ್ತರವನ್ನು ಹುಡುಕಿ ತೆಗೆಯುವುದು ಕಷ್ಟ. ಅದೇ ಪ್ರಶ್ನೆ ಮತ್ತೆ ಬರುವುದು. ಅದೇ ರಾಕ್ಷಸನ ಕಥೆ ಮತ್ತೆ ಹುಟ್ಟುವುದು. ಮೀಸಲು ವೇದಿಕೆಗಳಲ್ಲಿ ವಿಷಯಕ್ಕೆ ತಕ್ಕ ವಿಂಗಡಣೆಯಿರುವುದು, ಹಳೆಯ ಮಾತಿನ ಕೆಳಗೆ ಹೊಸ ತಿದ್ದುಪಡಿಯನ್ನು ಸೇರಿಸಬಹುದು. ಆದರೆ ಅಲ್ಲಿಗೆ ಹೊಸಬರು ಬರುವುದು ಕಡಮೆ.

ಇವೆರಡಕ್ಕಿಂತಲೂ ಮುಖ್ಯವಾದುದು ಒಡೆತನದ ಪ್ರಶ್ನೆ. 'ಗೂಗಲ್ ಪ್ಲಸ್' ಎಂಬ ಸಾಮಾಜಿಕ ತಾಣವು ೨೦೧೯ರ ಏಪ್ರಿಲ್‌ನಲ್ಲಿ ಮುಚ್ಚಿತು. ವಿಷಯವಾರು ಗುಂಪುಗಳಿಗೆ ಆಶ್ರಯವಾಗಿದ್ದ 'ಯಾಹೂ ಗ್ರೂಪ್ಸ್' ೨೦೨೦ರ ಡಿಸೆಂಬರ್‌ನಲ್ಲಿ ಮುಚ್ಚಿತು. ಒಂದು ಸಂತೆಯಂಥದು, ಇನ್ನೊಂದು ಗೋಷ್ಠಿಗಳ ಛತ್ರದಂಥದು. ಎರಡರ ಬಾಗಿಲನ್ನೂ ಒಡೆಯರು ಹಾಕಿದರು. ಆದುದರಿಂದ ಮೀಸಲಾಗಿರುವುದೊಂದೇ ರಕ್ಷೆಯಲ್ಲ. ಫೂಟರ ಸೂಚಿಯು ಉಳಿದುದು ಅದು ಮೀಸಲಾದುದೆಂದಷ್ಟೇ ಅಲ್ಲ. ಅಚ್ಚಾಗಿ ಹಲವು ಗ್ರಂಥಾಲಯಗಳಿಗೆ ಹಂಚಿಹೋಗಿದ್ದುದರಿಂದ, ಮತ್ತು ಅದು ಹೆಸರಿಸಿದ ವಸ್ತುಗಳನ್ನು ಒಂದು ಸಾರ್ವಜನಿಕ ಸಂಸ್ಥೆಯು ಕಾಯುತ್ತಿದ್ದುದರಿಂದ.

ಈ ವಿಚಾರವು ಬಳ್ಳಾರಿಯ ಮಟ್ಟಿಗೆ ಬರಿಯ ವಾದವಲ್ಲ. ಯಾವ ಕಪ್ಪುಕಲ್ಲು ನವಶಿಲಾಯುಗದವರನ್ನು ಈ ಬೆಟ್ಟಗಳಿಗೆ ಕರೆಯಿತೋ, ಅದೇ ಕಲ್ಲನ್ನೂ ಅದರ ಸುತ್ತಣ ಕಣಶಿಲೆಯನ್ನೂ ಈ ಕಾಲದವರು ಜಲ್ಲಿಗಾಗಿ ಒಡೆದಿರುವರು. ಕಪ್ಪಗಲ್ಲಿನ ಚಿತ್ರಗಳಿಗೆ ಕಲ್ಲುಗಣಿಗಾರಿಕೆಯಿಂದ ಅಪಾಯವಿರುವುದನ್ನು ೨೦೦೪ರ ಸಂಶೋಧಕರು ಎತ್ತಿಹೇಳಿದರು. ಒಂದು ಬಂಡೆಯು ಒಡೆದುಹೋದ ದಿನ ಅದನ್ನು ಊರಿಗೆಲ್ಲ ಸಾರಲು ಸಂತೆಯ ಮಾತು ಬೇಕು. ಅಲ್ಲಿ ಸಾವಿರ ಕಂಠಗಳು ಒಮ್ಮೆಗೇ ಏಳಬಲ್ಲುವು. ಆದರೆ ಒಡೆದುಹೋದುದು ಯಾವ ಬಂಡೆ, ಅದರ ಮೇಲೆ ಎಷ್ಟು ಚಿತ್ರಗಳಿದ್ದವು, ಅವನ್ನು ಮೊದಲು ಯಾರು ಯಾವಾಗ ಕಂಡರು ಎಂಬುದನ್ನು ಹೇಳಬಲ್ಲುದು ಸಂಖ್ಯೆ ಹಾಕಿದ ಪಟ್ಟಿಯೊಂದೇ. ಪಟ್ಟಿಯಿಲ್ಲದ ಕೂಗು ಮರುದಿನಕ್ಕೆ ಅಡಗುವುದು. ಕೂಗುವವರಿಲ್ಲದ ಪಟ್ಟಿಯು ಕಳೆದುಹೋದ ವಸ್ತುಗಳ ಲೆಕ್ಕವಾಗಿ ಮಾತ್ರ ಉಳಿಯುವುದು.

ಈಗ ಬಳ್ಳಾರಿ ನಗರದಲ್ಲಿಯೇ ರಾಬರ್ಟ್ ಬ್ರೂಸ್ ಫೂಟರ ಹೆಸರಿನಲ್ಲಿ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವು ಸ್ಥಾಪಿತವಾಗಿರುವುದು. ಕಲ್ಲು ದೊರೆತ ನೆಲಕ್ಕೆ ಸಮೀಪವಾಗಿ, ಆ ನೆಲದ ಮಕ್ಕಳು ನಡೆದು ಬರಬಹುದಾದ ಸ್ಥಳದಲ್ಲಿ ಸಂಗ್ರಹವಿರುವುದು ಇದರ ವಿಶೇಷ. ಸಿರುಗುಪ್ಪದ ಶಾಲೆಯ ಬಾಲಕನೋ ಕುರುಗೋಡಿನ ರೈತ ಮಹಿಳೆಯೋ ಹೊಲದಲ್ಲಿ ದೊರೆತ ಕಲ್ಲನ್ನು ತಂದು, ಇದೇನೆಂದು ಕನ್ನಡದಲ್ಲಿ ಕೇಳಿ, ಉತ್ತರವನ್ನು ಪಡೆದು, ಆ ಪ್ರಶ್ನೆಯೂ ಉತ್ತರವೂ ತಾರೀಖಿನೊಡನೆ ದಾಖಲೆಗೆ ಸೇರುವಂತಾದರೆ, ಸಂತೆಗೂ ಗೋಷ್ಠಿಗೂ ನಡುವೆ ಇಲ್ಲಿಯವರೆಗೆ ಇದ್ದ ಕಂದಕವು ತುಂಬುವುದು. ನ್ಯೂಬೋಲ್ಡರ ಪ್ರಶ್ನೆಗೆ ನೆಲೆಯಾದ ಉತ್ತರವು ದೊರೆಯಲು ನೂರಿಪ್ಪತ್ತು ವರ್ಷ ಹಿಡಿಯಿತು. ದನದ ಹಟ್ಟಿಯನ್ನು ದಿನವೂ ಬಳಿಯುವವರನ್ನು ಸಭೆಗೆ ಕರೆದಿದ್ದರೆ ಅಷ್ಟು ಕಾಲ ಬೇಕಾಗುತ್ತಿರಲಿಲ್ಲವೇನೋ.